ಐಸ್ಟೆದ್‌ವೊಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಸುದ್ದಿ ಓದುವವರಿಗೆ ಆಗಸ್ಟ್ ಬಂತೆಂದರೆ ಐಸ್ಟೆದ್‌ವೊಡ್ ಎಂಬ ಪದ ಎದುರಾಗುತ್ತದೆ. ವೆಲ್ಷ್ ಭಾಷೆಯ ಕವಿತೆ, ಸಂಗೀತದ ಸ್ಪರ್ಧೆಗಳು ನಡೆಯುವ ಮೇಳ ಅದು. ನಿಘಂಟು ತೆಗೆದರೆ ‘ಕಲಾ ಉತ್ಸವ’ ಎಂದಿರುತ್ತದೆ. ತಪ್ಪೇನಿಲ್ಲ, ಆದರೆ ಅಷ್ಟಕ್ಕೇ ಬಿಟ್ಟರೆ ತಿರುಳೇ ಕೈತಪ್ಪುತ್ತದೆ. ಈ ಪದದಲ್ಲಿ ಹಾಡಿಲ್ಲ, ಕುಣಿತವಿಲ್ಲ, ಹಬ್ಬವೂ ಇಲ್ಲ. ಇರುವುದು ಕೂರುವ ಮಾತು ಮಾತ್ರ. ಕವಿಗೆ ಕೂರಲು ಒಂದು ಜಾಗ ಕೊಡಬೇಕು ಎಂಬ ಹಳೆಯ ಹಟದಿಂದ ಹುಟ್ಟಿದ ಸಂಪ್ರದಾಯ ಇದು.

ಇದನ್ನು ಹೇಗೆ ಉಚ್ಚರಿಸಬೇಕು?

ಐಸ್ಟೆದ್‌ವೊಡ್. ಒತ್ತು ನಡುವಿನ ‘ಸ್ಟೆದ್’ ಮೇಲೆ. ವೆಲ್ಷ್ ಭಾಷೆಯಲ್ಲಿ ಹೆಚ್ಚಿನ ಪದಗಳಿಗೆ ಕೊನೆಯ ತುಂಡಿನ ಹಿಂದಿನ ತುಂಡಿನ ಮೇಲೆಯೇ ಒತ್ತು ಬೀಳುತ್ತದೆ.

ರೋಮನ್ ಅಕ್ಷರಗಳಲ್ಲಿ ನೋಡಿದವರು ‘ಐಸ್ಟೆಡ್ಫಾಡ್’ ಎಂದು ಓದಿಬಿಡುತ್ತಾರೆ. ವೆಲ್ಷ್‌ನಲ್ಲಿ ಎರಡು ‘ಡಿ’ ಒಟ್ಟಿಗೆ ಬಂದರೆ ಅದು ಇಂಗ್ಲಿಷಿನ ‘ದಿಸ್’, ‘ದೆನ್’ ಪದಗಳ ಮೊದಲ ಸದ್ದು. ಒಂಟಿ ‘ಎಫ್’ ಬಂದರೆ ‘ವ’. ‘ಫ’ ಬೇಕಿದ್ದರೆ ಎರಡು ‘ಎಫ್’ ಬರೆಯುತ್ತಾರೆ. ಇಷ್ಟು ಗೊತ್ತಿದ್ದರೆ ಅರ್ಧ ಕಷ್ಟ ಮುಗಿಯಿತು. ಅಲ್ಲಿನವರು ದಿನದ ಮಾತಿನಲ್ಲಿ ಮೊದಲ ಭಾಗ ನುಂಗಿ ಸುಮ್ನೆ ‘ಸ್ಟೆದ್‌ವೊಡ್’ ಎನ್ನುತ್ತಾರೆ. ‘ಈ ಸಲ ಸ್ಟೆದ್‌ವೊಡ್‌ಗೆ ಬರ್ತೀರಾ?’ ಎಂಬ ಧಾಟಿಯಲ್ಲಿ.

ಪದದ ಅರ್ಥ ಏನು? ಎಲ್ಲಿಂದ ಬಂತು?

ಎರಡು ವೆಲ್ಷ್ ಪದಗಳು ಸೇರಿ ಆಗಿದ್ದು. ಮೊದಲನೆಯದು ‘ಐಸ್ಟೆದ್’, ಅಂದರೆ ಕೂರು. ಎರಡನೆಯದು ‘ಬೋಡ್’, ಅಂದರೆ ಇರು. ಸಮಾಸದಲ್ಲಿ ಸೇರಿದಾಗ ‘ಬ’ ಮೆತ್ತಗಾಗಿ ‘ವ’ ಆಗುತ್ತದೆ. ಕನ್ನಡದಲ್ಲಿ ‘ಬೆಟ್ಟ’ ಮತ್ತು ‘ತಾವರೆ’ ಸೇರಿದಾಗ ‘ತ’ ಹೋಗಿ ‘ದ’ ಬಂದು ‘ಬೆಟ್ಟದಾವರೆ’ ಆಗುತ್ತದಲ್ವಾ? ಆದೇಶ ಸಂಧಿ ಓದಿದವರಿಗೆ ಇದು ಹೊಸದೇನಲ್ಲ.

‘ಬೋಡ್’ ಎಂಬುದಕ್ಕೆ ‘ಇರು’ ಎಂಬುದರ ಜೊತೆಗೆ ‘ಇರುವ ಜಾಗ, ವಾಸಸ್ಥಾನ’ ಎಂಬ ಅರ್ಥವೂ ಇದೆ. ಬೇಸಿಗೆಯಲ್ಲಿ ದನಕರು ಹೊಡೆದುಕೊಂಡು ಗುಡ್ಡ ಹತ್ತಿದ ರೈತರು ಉಳಿಯುತ್ತಿದ್ದ ಮನೆಗೆ ‘ಹಾವೊಡ್’ ಎಂದು ಹೆಸರು. ‘ಹಾವ್’ ಎಂದರೆ ಬೇಸಿಗೆ, ಅದಕ್ಕೆ ಇದೇ ‘ಬೋಡ್’ ಸೇರಿದೆ. ಹಾಗಾಗಿ ಐಸ್ಟೆದ್‌ವೊಡ್ ಎಂದರೆ ‘ಕೂತಿರುವುದು’ ಎಂದೂ ಹೇಳಬಹುದು, ‘ಕೂರುವ ತಾವು’ ಎಂದೂ ಹೇಳಬಹುದು. ಬಳಕೆಯಲ್ಲಿ ಅದು ‘ಕವಿಗಳೂ ವಾದ್ಯಗಾರರೂ ಸೇರಿ ಕೂತ ಸಭೆ’ ಎಂದು ಗಟ್ಟಿಯಾಯಿತು.

ನನಗೆ ಹತ್ತಿರ ಅನ್ನಿಸುವ ಮಾತು ನಮ್ಮ ‘ಬೈಠಕ್’. ಧಾರವಾಡ, ಹುಬ್ಬಳ್ಳಿ ಕಡೆ ಸಂಗೀತದ ಬೈಠಕ್ ಎಂದರೆ ಯಾರೂ ಬರೀ ಕೂರುವುದು ಎಂದು ತಿಳಿಯುವುದಿಲ್ಲ. ಕೂತು ಹಾಡುವುದು, ಕೂತು ಕೇಳುವುದು ಎಲ್ಲ ಅದರಲ್ಲೇ ಬಂತು. ಐಸ್ಟೆದ್‌ವೊಡ್ ನಡೆದು ಬಂದ ದಾರಿಯೂ ಇದೇ.

ಸಂಸ್ಕೃತದ ಜೊತೆ ಇದಕ್ಕೆ ನಂಟಿದೆ ಅಂತಾರೆ. ನಿಜವಾ?

ನಿಜ. ವೆಲ್ಷ್ ಸೆಲ್ಟಿಕ್ ಗುಂಪಿನ ಭಾಷೆ. ಸೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ಇಂಡೋ-ಯೂರೋಪಿಯನ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ‘ಐಸ್ಟೆದ್’ ಪದದ ಒಳಗಿರುವ ಬೇರು ಸಂಸ್ಕೃತದಲ್ಲಿ ‘ಸದ್’ ಧಾತುವಾಗಿ ಸಿಗುತ್ತದೆ. ಸದನ, ಸದಸ್ಯ, ಸಂಸತ್ತು, ಉಪನಿಷತ್ತು ಎಲ್ಲದರ ಒಳಗೂ ಅದೇ ‘ಕೂರು’ ಇದೆ. ಪರಿಷತ್ತು ಎಂದರೆ ಮೂಲದಲ್ಲಿ ‘ಸುತ್ತ ಕೂತವರು’. ಕನ್ನಡ ಸಾಹಿತ್ಯ ಪರಿಷತ್ತು ಎಂದು ಹೇಳುವಾಗ ನಾವು ಬಾಯಿಗೆ ತೆಗೆದುಕೊಳ್ಳುವ ಬೇರೂ, ವೇಲ್ಸ್‌ನವರು ಐಸ್ಟೆದ್‌ವೊಡ್ ಎನ್ನುವಾಗ ತೆಗೆದುಕೊಳ್ಳುವ ಬೇರೂ ಒಂದೇ. ಇಂಗ್ಲಿಷಿನ ಸಿಟ್, ಸೀಟ್, ಲ್ಯಾಟಿನ್ ಮೂಲದ ಸೆಷನ್ ಕೂಡ ಅದೇ ಬಳಗ.

‘ಬೋಡ್’ ಕೂಡ ಒಂಟಿಯಲ್ಲ. ಅದರ ಸಂಸ್ಕೃತ ನೆಂಟ ‘ಭೂ’ ಧಾತು. ಅದಕ್ಕೂ ‘ಇರು, ಆಗು’ ಎಂಬ ಅರ್ಥ. ಅದರಿಂದಲೇ ‘ಭವನ’ ಬಂದದ್ದು. ‘ಇರು’ ಎಂಬ ಕ್ರಿಯೆ ‘ಮನೆ’ ಎಂಬ ಅರ್ಥಕ್ಕೆ ತಿರುಗಿದ್ದು ಎರಡೂ ಕಡೆ ನಡೆದಿದೆ. ಕನ್ನಡ ಮಾತ್ರ ದ್ರಾವಿಡ ಭಾಷೆ ಎಂಬುದು ನೆನಪಿರಲಿ. ನಮ್ಮ ‘ಕೂರು’, ‘ಇರು’ ಪದಗಳಿಗೆ ಈ ಬಳಗದ ಜೊತೆ ಸಂಬಂಧ ಇಲ್ಲ. ಸದನ, ಪರಿಷತ್ತು, ಭವನ ನಾವು ಸಂಸ್ಕೃತದಿಂದ ಪಡೆದವು.

ಈ ನಂಟಿನ ವಿಚಾರ ಭಾರತದಲ್ಲೇ ಮೊದಲು ದೊಡ್ಡದಾಗಿ ಕೇಳಿಸಿತು. 1786ರಲ್ಲಿ ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯಲ್ಲಿ ಅಲ್ಲಿನ ನ್ಯಾಯಾಧೀಶ ವಿಲಿಯಂ ಜೋನ್ಸ್ ಮಾತಾಡುತ್ತ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಗಾಥಿಕ್ ಮತ್ತು ಸೆಲ್ಟಿಕ್ ಕೂಡ ಅದೇ ಮೂಲದವು ಎನ್ನಲು ಕಾರಣವಿದೆ ಎಂದರು. ಜೋನ್ಸ್ ಹುಟ್ಟಿದ್ದು ಲಂಡನ್ನಿನಲ್ಲಿ. ಅವರ ತಂದೆ ಮಾತ್ರ ವೇಲ್ಸ್‌ನ ಆಂಗಲ್‌ಸೀ ದ್ವೀಪದವರು, ಗಣಿತಜ್ಞ, 1706ರಲ್ಲಿ ‘ಪೈ’ ಚಿಹ್ನೆಯನ್ನು ಇವತ್ತಿನ ಅರ್ಥದಲ್ಲಿ ಮೊದಲು ಬಳಸಿದವರು.

ಕವಿಗಳಿಗೂ ಕೂರುವುದಕ್ಕೂ ಏನು ಸಂಬಂಧ?

ಇದೇ ಮುಖ್ಯ ಪ್ರಶ್ನೆ. ನಡುಗಾಲದ ವೇಲ್ಸ್‌ನ ರಾಜರ ಅರಮನೆಗಳಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ಕಾನೂನಿನಲ್ಲೇ ಬರೆದಿತ್ತು. ಕವಿಗಳಲ್ಲಿ ಹಿರಿಯನಾದವನಿಗೆ ‘ಪೆನ್‌ಕೆರ್ದ್’ ಎಂಬ ಪದವಿ. ಸ್ಪರ್ಧೆಯಲ್ಲಿ ಗೆದ್ದು ಕುರ್ಚಿ ಪಡೆದವನು ಅವನು. ಸಭೆಯಲ್ಲಿ ಅವನಿಗೆ ಗೊತ್ತುಮಾಡಿದ ಜಾಗವಿತ್ತು. ಉಡುಗೊರೆಯಾಗಿ ಕೊಟ್ಟ ಹಣ ಖರ್ಚಾಗುತ್ತದೆ, ಬಟ್ಟೆ ಹರಿಯುತ್ತದೆ. ಜಾಗ ಹಾಗಲ್ಲ. ಕುರ್ಚಿ ಕೊಡುವುದು ಎಂದರೆ ‘ನೀನು ನಮ್ಮ ಸಭೆಯವನು’ ಎಂದು ಎಲ್ಲರ ಎದುರು ಒಪ್ಪಿಕೊಂಡಂತೆ. ಇವತ್ತಿಗೂ ಐಸ್ಟೆದ್‌ವೊಡ್‌ನ ಅತಿ ದೊಡ್ಡ ಬಹುಮಾನ ಮರದ ಕುರ್ಚಿಯೇ.

ಮೊದಲ ಐಸ್ಟೆದ್‌ವೊಡ್ ಯಾವಾಗ ನಡೆಯಿತು?

ದಾಖಲೆ ಇರುವ ಮೊದಲನೆಯದು 1176ರದ್ದು. ದಕ್ಷಿಣ ವೇಲ್ಸ್‌ನ ದೊರೆ ರೀಸ್ ಆಪ್ ಗ್ರಿಫಿದ್ ಆ ವರ್ಷದ ಕ್ರಿಸ್‌ಮಸ್‌ಗೆ ಕಾರ್ಡಿಗನ್ ಕೋಟೆಯಲ್ಲಿ ದೊಡ್ಡ ಸಭೆ ಕರೆದ. ವೆಲ್ಷ್‌ನಲ್ಲಿ ಆ ಊರು ಅಬರ್‌ಟೈವಿ. ಒಂದು ವರ್ಷ ಮೊದಲೇ ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಎಲ್ಲ ಕಡೆ ಡಂಗುರ ಹೊಡೆಸಿದ್ದ. ಎರಡು ಸ್ಪರ್ಧೆ, ಎರಡು ಕುರ್ಚಿ. ಒಂದು ಕವಿಗಳಿಗೆ. ಇನ್ನೊಂದು ಹಾರ್ಪ್, ಕೊಳಲು ಮತ್ತು ‘ಕ್ರೂಥ್’ ಎಂಬ ತಂತಿವಾದ್ಯ ನುಡಿಸುವವರಿಗೆ. ಸಂಗೀತದ ಕುರ್ಚಿ ರೀಸ್‌ನ ಆಸ್ಥಾನದ ಯುವಕನಿಗೇ ಸಿಕ್ಕಿತು. ಕಾವ್ಯದ ಕುರ್ಚಿ ಉತ್ತರದ ಗ್ವಿನೆದ್ ನಾಡಿನವರ ಪಾಲಾಯಿತು. ‘ಪ್ರಭುಗಳ ವೃತ್ತಾಂತ’ ಎಂಬ ಹಳೆಯ ಚರಿತ್ರೆ ಇದನ್ನೆಲ್ಲ ಬರೆದಿಟ್ಟಿದೆ. 2026ಕ್ಕೆ ಆ ಸಭೆಗೆ 850 ವರ್ಷ.

ಆಗಿನಿಂದ ಈಗಿನವರೆಗೂ ಬಿಡದೆ ನಡೆದಿದೆಯಾ?

ಇಲ್ಲ. ನಡುನಡುವೆ ದೊಡ್ಡ ಬಿರುಕುಗಳಿವೆ. ಸುಮಾರು 1451ರಲ್ಲಿ ಕಾರ್ಮಾರ್ದನ್‌ನಲ್ಲಿ ನಡೆದ ಸಭೆಯಲ್ಲಿ ದಾವಿದ್ ಅಬ್ ಎಡ್‌ಮುಂಡ್ ಎಂಬ ಕವಿ ಕುರ್ಚಿ ಗೆದ್ದು, ವೆಲ್ಷ್ ಛಂದಸ್ಸಿನ 24 ಬಗೆಗಳನ್ನು ಬಿಗಿಗೊಳಿಸಿದ. 1523ರಲ್ಲೂ 1567ರಲ್ಲೂ ಕೈರ್‌ವಿಸ್ ಎಂಬ ಸಣ್ಣ ಊರಿನಲ್ಲಿ ಸಭೆ ಸೇರಿತು. ಈ ಸಭೆಗಳ ಉದ್ದೇಶ ಜನರನ್ನು ರಂಜಿಸುವುದಲ್ಲ, ಕಸುಬನ್ನು ಕಾಯುವುದು. ಕವಿ ಎಂದು ಹೇಳಿಕೊಂಡು ಮನೆಮನೆ ತಿರುಗಿ ಕಾಸು ಕೀಳುವವರು ಜಾಸ್ತಿಯಾಗಿದ್ದರು. 1567ರಲ್ಲಿ ಒಂದನೇ ಎಲಿಜಬೆತ್ ರಾಣಿಯ ಅಪ್ಪಣೆಯಂತೆ ಪರೀಕ್ಷೆ ಮಾಡಿ, ಪಾಸಾದವರಿಗೆ ಮಾತ್ರ ಪರವಾನಗಿ ಕೊಟ್ಟರು. ಬಹುಮಾನವಾಗಿ ಕೊಡುತ್ತಿದ್ದ ಪುಟ್ಟ ಬೆಳ್ಳಿಯ ಹಾರ್ಪ್ ಮಾಸ್ಟಿನ್ ಮನೆತನದವರ ಹತ್ತಿರ ಉಳಿದು ಬಂತು.

ಆಮೇಲೆ ಆಶ್ರಯ ಕೊಡುವ ಸಿರಿವಂತರು ಇಂಗ್ಲಿಷಿನ ಕಡೆ ವಾಲಿದರು. ಕವಿಗಳ ಸಭೆ ಹೆಂಡದಂಗಡಿಗೆ ಇಳಿಯಿತು. ಪಂಚಾಂಗದಲ್ಲಿ ಪ್ರಕಟಣೆ ಕೊಟ್ಟು ಹತ್ತಾರು ಕವಿಗಳು ಸೇರಿ ಪದ್ಯ ಕಟ್ಟುತ್ತಿದ್ದರು. ಅದನ್ನು ಮೇಲೆತ್ತಿದ್ದು ಲಂಡನ್ನಿನಲ್ಲಿದ್ದ ವೆಲ್ಷ್ ಜನ. ಅವರ ಗ್ವಿನೆದಿಗಿಯಾನ್ ಸಂಘದ ಬೆಂಬಲದಿಂದ 1789ರಲ್ಲಿ ಬಾಲಾ ಊರಿನಲ್ಲಿ ಐಸ್ಟೆದ್‌ವೊಡ್ ಸರಿಯಾಗಿ ನಡೆಯಿತು. 1861ರಲ್ಲಿ ಅಬರ್‌ಡೇರ್‌ನಲ್ಲಿ ಮೊದಲ ರಾಷ್ಟ್ರೀಯ ಐಸ್ಟೆದ್‌ವೊಡ್. 1914ರಲ್ಲಿ ಯುದ್ಧದ ಕಾರಣಕ್ಕೆ ನಿಂತಿತು. 1940ರಲ್ಲಿ ಮೈದಾನ ಬಿಟ್ಟು ರೇಡಿಯೋದಲ್ಲಿ ನಡೆಸಿದರು.

ಸಮಾರಂಭದಲ್ಲಿ ಬಿಳಿ ನಿಲುವಂಗಿ ತೊಟ್ಟವರು ಯಾರು? ಡ್ರೂಯಿಡ್ ಪೂಜಾರಿಗಳಾ?

ಅದು ಗೋರ್ಸೆದ್ ಎಂಬ ಕವಿಕೂಟ. ಧಾರ್ಮಿಕ ಪಂಥ ಅಲ್ಲ. ಗೋರ್ಸೆದ್ ಎಂದರೆ ಸಿಂಹಾಸನ, ಎತ್ತರದ ಆಸನ. ಇಲ್ಲಿಯೂ ಅದೇ ‘ಸದ್’ ಬೇರು.

ಇದು ಡ್ರೂಯಿಡರ, ಅಂದರೆ ಪ್ರಾಚೀನ ಸೆಲ್ಟಿಕ್ ಜನರ ಪೂಜಾರಿಗಳ, ಕಾಲದಿಂದ ಬಂದದ್ದು ಎಂದು ಬಹಳ ಜನ ನಂಬಿದ್ದರು. ಹಾಗಲ್ಲ. ಇದನ್ನು ಕಟ್ಟಿದ್ದು ಎಡ್ವರ್ಡ್ ವಿಲಿಯಮ್ಸ್ ಎಂಬ ಕಲ್ಲುಕುಟಿಗ. ಕಾವ್ಯನಾಮ ಯೋಲೊ ಮೊರ್ಗಾನುಗ್. 1792ರ ಜೂನ್ 21ರಂದು ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಕಲ್ಲಿನ ವೃತ್ತ ಇಟ್ಟು ಮೊದಲ ಗೋರ್ಸೆದ್ ನಡೆಸಿದ. 1819ರಲ್ಲಿ ಕಾರ್ಮಾರ್ದನ್‌ನ ಐವಿ ಬುಷ್ ಎಂಬ ಹೋಟೆಲಿನಲ್ಲಿ ಅದನ್ನು ಐಸ್ಟೆದ್‌ವೊಡ್ ಜೊತೆ ಸೇರಿಸಿದ. ಹಳೆಯ ಹಸ್ತಪ್ರತಿ ಎಂದು ಅವನು ತೋರಿಸಿದ ಎಷ್ಟೋ ಬರಹಗಳು ಅವನದೇ ಸೃಷ್ಟಿ ಎಂದು 20ನೇ ಶತಮಾನದಲ್ಲಿ ಜಿ. ಜೆ. ವಿಲಿಯಮ್ಸ್ ಎಂಬ ವಿದ್ವಾಂಸ ಸಾಬೀತು ಮಾಡಿದರು. ಹಾಗಂತ ಜನ ಗೋರ್ಸೆದ್ ಬಿಡಲಿಲ್ಲ. ಬಿಟ್ಟಿದ್ದರೆ ನಷ್ಟವಾಗುತ್ತಿತ್ತು ಎಂದೇ ನನ್ನ ಅನಿಸಿಕೆ. ತಮ್ಮ ನುಡಿಗೆ ಬೆಲೆಯಿಲ್ಲ ಎಂದು ಹೊರಗಿನವರು ಹೇಳುತ್ತಿದ್ದ ಕಾಲ ಅದು. 1847ರ ಸರ್ಕಾರಿ ಶಿಕ್ಷಣ ವರದಿ ವೆಲ್ಷ್ ಭಾಷೆಯೇ ಜನರ ಏಳಿಗೆಗೆ ಅಡ್ಡಿ ಎಂದು ಬರೆದಿತ್ತು. ಅಂಥ ಹೊತ್ತಿನಲ್ಲಿ ಕವಿಗೆ ರಾಜಮರ್ಯಾದೆ ಕೊಡುವ ಸಮಾರಂಭ ಜನರ ಬೆನ್ನು ನೆಟ್ಟಗೆ ಮಾಡಿತು.

ಕುರ್ಚಿಗೂ ಕಿರೀಟಕ್ಕೂ ಏನು ವ್ಯತ್ಯಾಸ?

ಎರಡೂ ಕವಿತೆಗೆ ಕೊಡುವ ಬಹುಮಾನಗಳೇ. ಕುರ್ಚಿ ಬಿಗಿ ಛಂದಸ್ಸಿನ ದೀರ್ಘ ಕವಿತೆಗೆ. ಕಿರೀಟ ಮುಕ್ತ ಛಂದದ ಕವಿತೆಗೆ. ಗದ್ಯಕ್ಕೆ ಬೇರೆ ಪದಕ ಇದೆ. ಪ್ರತಿ ವರ್ಷ ಹೊಸ ಕುರ್ಚಿ, ಹೊಸ ಕಿರೀಟ ಮಾಡಿಸುತ್ತಾರೆ. ಗೆದ್ದವರು ಮನೆಗೆ ಒಯ್ಯುತ್ತಾರೆ. ಟಿ. ಎಚ್. ಪ್ಯಾರಿ-ವಿಲಿಯಮ್ಸ್ ಎಂಬ ಕವಿ 1912ರಲ್ಲೂ 1915ರಲ್ಲೂ ಒಂದೇ ವರ್ಷ ಎರಡನ್ನೂ ಗೆದ್ದರು. ತಕ್ಕ ಕವಿತೆ ಬರದಿದ್ದರೆ ಬಹುಮಾನ ಕೊಡುವುದೇ ಇಲ್ಲ. ಕುರ್ಚಿ ಖಾಲಿ ಉಳಿಯುತ್ತದೆ. ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಇಲ್ಲ ಎಂಬುದು ನನಗೆ ತುಂಬಾ ಹಿಡಿಸಿದ ವಿಷಯ.

ಆ ಬಿಗಿ ಛಂದಸ್ಸು ಎಂದರೆ ಹೇಗಿರುತ್ತದೆ?

ಅದಕ್ಕೆ ‘ಕಂಗ್‌ಹಾನೆದ್’ ಎಂದು ಹೆಸರು. ನಮ್ಮ ಹಳಗನ್ನಡ ಕಾವ್ಯದಲ್ಲಿ ಪ್ರತಿ ಪಾದದ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅಲ್ವಾ? ಆದಿಪ್ರಾಸ. ಕಂಗ್‌ಹಾನೆದ್ ಅದಕ್ಕಿಂತ ಹಟಮಾರಿ. ಅದರ ಒಂದು ಬಗೆಯಲ್ಲಿ ಸಾಲಿನ ಮೊದಲ ಅರ್ಧದ ವ್ಯಂಜನಗಳೆಲ್ಲ ಅದೇ ಕ್ರಮದಲ್ಲಿ ಎರಡನೇ ಅರ್ಧದಲ್ಲಿ ತಿರುಗಿ ಬರಬೇಕು. ಸ್ವರ ಮಾತ್ರ ಬದಲಾಗಬೇಕು.

ಕನ್ನಡದಲ್ಲಿ ಒಂದು ಸಾಲು ಕಟ್ಟಿ ತೋರಿಸುತ್ತೇನೆ:

ಹಳೆಯ ದಾರಿ, ಹೊಳೆಯ ದೂರ

ಮೊದಲರ್ಧದಲ್ಲಿ ಹ, ಳ, ಯ, ದ, ರ. ಎರಡನೇ ಅರ್ಧದಲ್ಲೂ ಹ, ಳ, ಯ, ದ, ರ. ಒಂದು ಸಾಲು ಕಟ್ಟುವುದೇ ಕಷ್ಟ. ಕುರ್ಚಿಗೆ ಸ್ಪರ್ಧಿಸುವವರು ಕೊಟ್ಟ ವಿಷಯದ ಮೇಲೆ ಒಂದು ದೀರ್ಘ ಕವಿತೆಯ ಉದ್ದಕ್ಕೂ ಹೀಗೆ ಬರೆಯಬೇಕು, ಅದೂ ಓದುವಾಗ ಕಸರತ್ತು ಅನ್ನಿಸದಂತೆ. ಶಿಕ್ಷಕರು, ರೈತರು, ಪಾದ್ರಿಗಳು, ಪತ್ರಕರ್ತರು ಸಂಜೆ ತರಗತಿಗಳಲ್ಲಿ ಇದನ್ನು ಕಲಿಯುತ್ತಾರೆ.

ಸಮಾರಂಭದಲ್ಲಿ ಕತ್ತಿ ಹಿರಿಯುತ್ತಾರಂತೆ, ಯಾಕೆ?

ಕವಿತೆಗಳನ್ನು ಗುಪ್ತನಾಮದಲ್ಲಿ ಕಳಿಸಬೇಕು. ಯಾರು ಗೆದ್ದರು ಎಂಬುದು ಕೊನೆಯವರೆಗೂ ಗುಟ್ಟು. ಆ ದಿನ ದೊಡ್ಡ ಸಭಾಂಗಣದಲ್ಲಿ ತೀರ್ಪುಗಾರರು ಮೊದಲು ವಿಮರ್ಶೆ ಓದುತ್ತಾರೆ. ಆಮೇಲೆ ಗೋರ್ಸೆದ್‌ನ ಮುಖ್ಯಸ್ಥ, ಅಂದರೆ ಆರ್ಚ್‌ಡ್ರೂಯಿಡ್, ಗುಪ್ತನಾಮ ಕೂಗಿ, ಕಹಳೆ ಊದಿದಾಗ ಆ ಹೆಸರಿನವರು ಮಾತ್ರ ಎದ್ದು ನಿಲ್ಲಲಿ ಎನ್ನುತ್ತಾರೆ. ದೀಪಗಳು ಆರುತ್ತವೆ. ಬೆಳಕಿನ ಒಂದು ಸುತ್ತು ಸಾವಿರಾರು ತಲೆಗಳ ಮೇಲೆ ಹುಡುಕುತ್ತ ಹೋಗುತ್ತದೆ. ಎಲ್ಲೋ ಒಂದು ಸಾಲಿನಲ್ಲಿ ಒಬ್ಬರು ಏಳುತ್ತಾರೆ. ಪಕ್ಕದಲ್ಲಿ ಕೂತವರಿಗೂ ಅಲ್ಲಿಯತನಕ ಗೊತ್ತಿರುವುದಿಲ್ಲ.

ಅವರನ್ನು ವೇದಿಕೆಗೆ ಕರೆತಂದು ಕುರ್ಚಿಯ ಹತ್ತಿರ ನಿಲ್ಲಿಸುತ್ತಾರೆ. ದೊಡ್ಡ ಕತ್ತಿಯನ್ನು ಒರೆಯಿಂದ ಸ್ವಲ್ಪ ಹೊರಗೆಳೆದು ಆರ್ಚ್‌ಡ್ರೂಯಿಡ್ ಕೇಳುತ್ತಾರೆ: ‘ಆ ಒಯ್ಸ್ ಹೆದುಖ್?’ ಅಂದರೆ ‘ಶಾಂತಿ ಇದೆಯೇ?’ ಸಭೆಯೆಲ್ಲ ಒಟ್ಟಿಗೆ ‘ಹೆದುಖ್!’ ಎಂದು ಕೂಗುತ್ತದೆ. ಹೀಗೆ ಮೂರು ಸಲ. ಕತ್ತಿಯನ್ನು ಪೂರ್ತಿ ಹಿರಿಯುವುದೇ ಇಲ್ಲ. ಮೂರನೇ ಸಲ ಉತ್ತರ ಬಂದ ಮೇಲೆ ಅದನ್ನು ಒರೆಗೆ ತಳ್ಳಿ, ಕವಿಯನ್ನು ಕೂರಿಸುತ್ತಾರೆ. ಶಾಂತಿ ಎಂಬ ಅರ್ಥದ ‘ಹೆದ್’ ಪದವನ್ನೂ ಭಾಷಾ ಪಂಡಿತರು ಅದೇ ‘ಕೂರು’ ಬೇರಿಗೆ ಸೇರಿಸುತ್ತಾರೆ.

‘ಕಪ್ಪು ಕುರ್ಚಿ’ ಅಂದರೆ ಏನು?

1917ರ ರಾಷ್ಟ್ರೀಯ ಐಸ್ಟೆದ್‌ವೊಡ್ ಇಂಗ್ಲೆಂಡಿನ ಬರ್ಕನ್‌ಹೆಡ್ ಪಟ್ಟಣದಲ್ಲಿ ನಡೆಯಿತು. ಸೆಪ್ಟೆಂಬರ್ 6ರಂದು ಕುರ್ಚಿಯ ಸಮಾರಂಭ. ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಕೂಡ ಬಂದಿದ್ದರು. ಗೆದ್ದ ಕವಿಯ ಗುಪ್ತನಾಮ ಕೂಗಿದರು. ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಯಾರೂ ಏಳಲಿಲ್ಲ. ಆಮೇಲೆ ವಿಷಯ ತಿಳಿಸಿದರು: ಕವಿ ಜುಲೈ 31ರಂದೇ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತಿದ್ದ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು.

ಅವನ ಹೆಸರು ಎಲಿಸ್ ಹಂಫ್ರಿ ಎವನ್ಸ್, ಕಾವ್ಯನಾಮ ಹೆದ್ ವಿನ್. ಆ ಹೆಸರಿನ ಮೊದಲ ಪದವೇ ಶಾಂತಿ. ಟ್ರೌಸ್‌ವನಿದ್ ಊರಿನ ಹತ್ತಿರದ ಕುರಿ ಸಾಕುವ ರೈತನ ಮಗ. ವಯಸ್ಸು ಮೂವತ್ತು. ಕವಿತೆಯನ್ನು ಫ್ರಾನ್ಸ್‌ನಿಂದ ಅಂಚೆಗೆ ಹಾಕಿದ್ದ. ಆ ಕುರ್ಚಿ ಕೆತ್ತಿದ್ದು ಯೂಜೀನ್ ವಾನ್‌ಫ್ಲೆಟರನ್, ಯುದ್ಧದಿಂದ ಓಡಿ ಬಂದ ಬೆಲ್ಜಿಯಂ ನಿರಾಶ್ರಿತ. ಕವಿ ಸತ್ತ ನಾಡು, ಬಡಗಿ ಬಿಟ್ಟು ಬಂದ ನಾಡು ಎರಡೂ ಒಂದೇ. ಕುರ್ಚಿ ಕವಿಯ ತಂದೆತಾಯಿಯ ಮನೆ ಸೇರಿತು. ನೋಡಲು ಬಂದವರಿಗೆ ಆ ಕುಟುಂಬ ದಶಕಗಳ ಕಾಲ ಬಾಗಿಲು ತೆರೆದೇ ಇಟ್ಟಿತು. ‘ಅರ್ ಅಸ್ಗುರ್ನ್’ ಎಂಬ ಆ ಮನೆ ಈಗ ವಸ್ತುಸಂಗ್ರಹಾಲಯ.

ಹೆಂಗಸರಿಗೆ ಯಾವಾಗ ಸಿಕ್ಕಿತು?

ಕಿರೀಟ 1953ರಲ್ಲಿ, ಡಿಲಿಸ್ ಕಡ್‌ವಾಲಾಡರ್‌ಗೆ. ಕುರ್ಚಿ ಸಿಗಲು 2001 ಬರಬೇಕಾಯಿತು. ಮೆರೆರಿಡ್ ಹಾಪ್‌ವುಡ್ ಗೆದ್ದರು. ಅವರೇ 2024ರಲ್ಲಿ ಆರ್ಚ್‌ಡ್ರೂಯಿಡ್ ಆದರು. ಆ ಪದವಿಗೆ ಬಂದ ಮೊದಲ ಮಹಿಳೆ ಕ್ರಿಸ್ಟಿನ್ ಜೇಮ್ಸ್, 2013ರಲ್ಲಿ.

ಭಾರತೀಯರು ಯಾರಾದರೂ ಗೆದ್ದಿದ್ದಾರಾ?

ಹೌದು, ಕಾಲೇಜು ಮಟ್ಟದಲ್ಲಿ. ಡೊರೊತಿ ಬೊನರ್ಜಿ ಬರೇಲಿಯಲ್ಲಿ ಹುಟ್ಟಿದ ಬಂಗಾಳಿ ಮನೆತನದ ಹುಡುಗಿ, ಅಬರಿಸ್ಟ್‌ವಿತ್ ಕಾಲೇಜಿನಲ್ಲಿ ಓದುತ್ತಿದ್ದರು. 1914ರಲ್ಲಿ ಕಾಲೇಜಿನ ಐಸ್ಟೆದ್‌ವೊಡ್‌ನಲ್ಲಿ ‘ಶೀತಾ’ ಎಂಬ ಗುಪ್ತನಾಮದಿಂದ ಇಂಗ್ಲಿಷ್ ಕವಿತೆ ಕಳಿಸಿ ಕುರ್ಚಿ ಗೆದ್ದರು. ವಿಷಯ ಓವೈನ್ ಲೌಗೊಖ್ ಎಂಬ ವೆಲ್ಷ್ ವೀರ. ಆ ಕುರ್ಚಿ ಗೆದ್ದ ಮೊದಲ ಮಹಿಳೆ, ಹೊರದೇಶದವರಲ್ಲೂ ಮೊದಲಿಗರು. ಗುಪ್ತನಾಮ ಕೂಗಿದಾಗ ಎದ್ದು ನಿಂತ ಭಾರತೀಯ ಹುಡುಗಿಯನ್ನು ಸಭೆ ಚಪ್ಪಾಳೆಯಿಂದ ಸ್ವಾಗತಿಸಿತು. ಆಮೇಲೆ ಅವರು ಲಂಡನ್ನಿನಲ್ಲಿ ಕಾನೂನು ಪದವಿ ಪಡೆದರು. ಇಂಥವರ ಹೆಸರು ನಮ್ಮಲ್ಲಿ ಇನ್ನೂ ಜಾಸ್ತಿ ಕೇಳಬೇಕಿತ್ತು.

ಐಸ್ಟೆದ್‌ವೊಡ್ ಒಂದೇನಾ, ಹಲವಾರು ಇವೆಯಾ?

ಹಲವಾರು. ಹಳ್ಳಿಯ ಚಾಪೆಲ್‌ನಿಂದ ಹಿಡಿದು ಶಾಲೆಯವರೆಗೆ ನಡೆಯುತ್ತವೆ. ಮಾರ್ಚ್ 1ರ ಸೇಂಟ್ ಡೇವಿಡ್ ದಿನಕ್ಕೆ ಶಾಲೆಗಳಲ್ಲಿ ಸಣ್ಣ ಐಸ್ಟೆದ್‌ವೊಡ್ ಇರುತ್ತದೆ. ಮಕ್ಕಳಿಗೂ ಯುವಕರಿಗೂ ‘ಇರ್ದ್’ ಸಂಸ್ಥೆಯದ್ದು 1929ರಿಂದ ಇದೆ. ಲಾಂಗೊಲೆನ್ ಊರಿನಲ್ಲಿ 1947ರಿಂದ ಅಂತಾರಾಷ್ಟ್ರೀಯ ಸಂಗೀತ ಐಸ್ಟೆದ್‌ವೊಡ್ ನಡೆಯುತ್ತಿದೆ. 1955ರಲ್ಲಿ ಇಟಲಿಯ ಮೊಡೆನಾದ ಗಾಯಕರ ತಂಡ ಅಲ್ಲಿ ಗೆದ್ದಿತು. ಆ ತಂಡದಲ್ಲಿ ಅಪ್ಪನ ಜೊತೆ ಹಾಡಿದ ಹುಡುಗ ಲೂಚಾನೊ ಪವರಾಟಿ, ಮುಂದೆ ಜಗತ್ಪ್ರಸಿದ್ಧ ಒಪೆರಾ ಗಾಯಕನಾದವನು.

ಗಣಿ ಕಾರ್ಮಿಕರದ್ದೂ ಒಂದಿತ್ತು. ಅಮೆರಿಕ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾಗ ಗಾಯಕ ಪಾಲ್ ರೋಬ್ಸನ್ 1957ರಲ್ಲಿ ಟೆಲಿಫೋನ್ ತಂತಿಯ ಮೂಲಕವೇ ಪೋರ್ಥ್‌ಕಾಲ್‌ನಲ್ಲಿ ಸೇರಿದ್ದ ಕಾರ್ಮಿಕರಿಗೆ ಹಾಡಿದರು. ಅವರು ತಿರುಗಿ ಹಾಡಿದರು.

ಅರ್ಜೆಂಟೀನಾದ ಚುಬುತ್ ಪ್ರಾಂತ್ಯಕ್ಕೆ 1865ರಲ್ಲಿ ಹಡಗು ಹತ್ತಿ ಹೋದ ವೆಲ್ಷ್ ಜನರ ಮಕ್ಕಳು ಮರಿಮಕ್ಕಳು ಇವತ್ತಿಗೂ ವೆಲ್ಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಐಸ್ಟೆದ್‌ವೊಡ್ ನಡೆಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಈ ಪದ ವೆಲ್ಷ್ ಭಾಷೆಯಿಂದ ಬಿಡಿಸಿಕೊಂಡಿದೆ. ಅಲ್ಲಿ ಮಕ್ಕಳ ಯಾವುದೇ ಹಾಡು, ನೃತ್ಯ, ಭಾಷಣ ಸ್ಪರ್ಧೆಗೂ ಐಸ್ಟೆದ್‌ವೊಡ್ ಎಂದೇ ಹೆಸರು. ಅಲ್ಲಿನ ಕನ್ನಡ ಮನೆಗಳ ಮಕ್ಕಳು ಈ ಪದ ಕೇಳಿರುವುದು ಹಾಗೇ.

ಕನ್ನಡ ಸಾಹಿತ್ಯ ಸಮ್ಮೇಳನದ ಹಾಗೇನಾ?

ಸ್ವಲ್ಪ ಮಟ್ಟಿಗೆ. ಊರಿಂದ ಊರಿಗೆ ತಿರುಗುತ್ತದೆ, ಭಾಷೆಯ ಮೇಲಿನ ಪ್ರೀತಿಗೆ ಜನ ಸೇರುತ್ತಾರೆ, ಪುಸ್ತಕದ ಮಳಿಗೆಗಳಿರುತ್ತವೆ. ಆದರೆ ಸಮ್ಮೇಳನದ ಜೀವ ಇರುವುದು ಭಾಷಣ, ಗೋಷ್ಠಿಗಳಲ್ಲಿ. ಐಸ್ಟೆದ್‌ವೊಡ್‌ನ ಜೀವ ಸ್ಪರ್ಧೆಯಲ್ಲಿ. ಸಮ್ಮೇಳನಾಧ್ಯಕ್ಷರ ಹೆಸರು ಮೊದಲೇ ಘೋಷಣೆ ಆಗುತ್ತದೆ, ಮೆರವಣಿಗೆ ಆಗುತ್ತದೆ. ಐಸ್ಟೆದ್‌ವೊಡ್‌ನಲ್ಲಿ ಗೆದ್ದವರ ಹೆಸರು ಕಹಳೆ ಊದುವತನಕ ಹೊರಬೀಳುವುದಿಲ್ಲ.

ವೆಲ್ಷ್ ಬರದವರು ಹೋಗಬಹುದಾ?

ಧಾರಾಳವಾಗಿ. ರಾಷ್ಟ್ರೀಯ ಐಸ್ಟೆದ್‌ವೊಡ್ ಆಗಸ್ಟ್ ಮೊದಲ ವಾರದ ಸುಮಾರು ಎಂಟು ದಿನ. ಸಾಮಾನ್ಯವಾಗಿ ಒಂದು ವರ್ಷ ಉತ್ತರದಲ್ಲಿ, ಮರುವರ್ಷ ದಕ್ಷಿಣದಲ್ಲಿ. 1950ರಿಂದ ವೇದಿಕೆಯ ಮೇಲೆ ಎಲ್ಲವೂ ವೆಲ್ಷ್‌ನಲ್ಲೇ. 2021ರ ಜನಗಣತಿಯಲ್ಲಿ ವೆಲ್ಷ್ ಬರುತ್ತದೆ ಎಂದವರು 5,38,000 ಜನ, ವೇಲ್ಸ್‌ನ ಶೇಕಡಾ 17.8ರಷ್ಟು ಮಾತ್ರ. ಒಂದು ವಾರವಾದರೂ ಒಂದು ಮೈದಾನದಲ್ಲಿ ಬೇರೆ ಭಾಷೆಗೆ ಹೊರಳದೆ ಬದುಕಬಹುದು ಎಂಬುದೇ ಅವರಿಗೆ ದೊಡ್ಡದು. ಆ ನಿಯಮದ ಪರವಾಗಿ ನಾನಿದ್ದೇನೆ. ಮುಖ್ಯ ಸಭಾಂಗಣದ ಕಾರ್ಯಕ್ರಮಗಳಿಗೆ ಕಿವಿಗೆ ಹಾಕಿಕೊಳ್ಳುವ ಉಪಕರಣದಲ್ಲಿ ಇಂಗ್ಲಿಷ್ ಅನುವಾದ ಕೇಳಿಸುತ್ತದೆ.

ಮೈದಾನಕ್ಕೆ ‘ಮೈಸ್’ ಎನ್ನುತ್ತಾರೆ. ದಾರಿ ಕೇಳುವಾಗ ಆ ಒಂದು ಪದ ಸಾಕು. ಕುರ್ಚಿಯ ಸಮಾರಂಭ ವಾಡಿಕೆಯಂತೆ ಶುಕ್ರವಾರ ಮಧ್ಯಾಹ್ನ. ಬೇಗ ಹೋಗಿ ಜಾಗ ಹಿಡಿಯಿರಿ, ಸಮಾರಂಭ ಶುರುವಾದ ಮೇಲೆ ಬಾಗಿಲು ಮುಚ್ಚುತ್ತಾರೆ.